ಸ್ನಾನಗೃಹದಲ್ಲೊಂದು ಕಾರ್ಯಕಾರಣ ವಿಚಾರ

ಬಡವನಿರಲಿ ಬಲ್ಲಿದನಿರಲಿ, ಮನುಷ್ಯನ ದಿನವು ಸ್ನಾನದಿಂದ ಆರಂಭವಾಗುತ್ತದೆ. ಆ ನೀರು ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ ಬರುತ್ತದೆ ಎಂಬುದು ನಮ್ಮ ಹಿಂದಿನ ತಲೆಮಾರಿನವರಿಗೆ ಕಲಿಯದೆಯೇ ಗೊತ್ತಿತ್ತು. ಬಾವಿಯಿಂದ ಸೇದಿ, ಹಂಡೆ ತುಂಬಿಸಿ, ಒಲೆ ಹೊತ್ತಿಸಿ ಕಾಯಿಸಿದವರೇ ಸ್ನಾನ ಮಾಡುತ್ತಿದ್ದರು. ನೀರು ಕಡಿಮೆಯಾದರೆ ಹಗ್ಗ ಹರಿದಿದೆಯೋ ಬಾವಿ ಬತ್ತಿದೆಯೋ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಇಂದು ನೀರಿನ ದಾರಿಯೆಲ್ಲ ಗೋಡೆಯೊಳಗೆ ಅಡಗಿದೆ. ಹೊಳೆಯುವ ನಲ್ಲಿಯೊಂದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಆದುದರಿಂದ ಸಣ್ಣ ದೋಷವೊಂದು ತಲೆದೋರಿದರೂ ಗೃಹಸ್ಥನು ಕಂಗಾಲಾಗಿ, ಯಾರು ಏನು ಹೇಳಿದರೂ ಹೂಂಗುಟ್ಟುವ ಸ್ಥಿತಿ ಒದಗಿದೆ. ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗವನ್ನು ಓದುಗ ಬಂಧುಗಳ ಮುಂದಿಡುವುದು ಈ ಕಾರಣಕ್ಕಾಗಿ.

ನಾವಿರುವುದು ಧಾರವಾಡದಲ್ಲಿ, ಒಂದೇ ಅಂತಸ್ತಿನ ಸಾಧಾರಣ ಮನೆಯಲ್ಲಿ. ಮಲಪ್ರಭೆಯ ನೀರು ನಲ್ಲಿಗೆ ಬಂದ ದಿನ ಅದನ್ನು, ಬಾರದ ದಿನ ಕೊಳವೆ ಬಾವಿಯ ನೀರನ್ನು ಮಾಳಿಗೆಯ ಮೇಲಿನ ತೊಟ್ಟಿಗೆ ಏರಿಸುತ್ತೇವೆ. ನನಗಿಂತ ಹನ್ನೆರಡು ವರ್ಷ ದೊಡ್ಡವಳಾದ ಅಕ್ಕ ನಮ್ಮೊಡನೆ ಇದ್ದಾಳೆ. ಎರಡು ವರ್ಷಗಳ ಹಿಂದೆ ಆಕೆ ಬಿದ್ದು ಸೊಂಟದ ಎಲುಬು ಮುರಿದು ಶಸ್ತ್ರಚಿಕಿತ್ಸೆಯಾಯಿತು. ಬಗ್ಗಿ ಚೊಂಬಿನಿಂದ ನೀರು ತೋಡಿಕೊಳ್ಳಬಾರದೆಂದು ವೈದ್ಯರು ಹೇಳಿದ್ದರಿಂದ ಸ್ನಾನಗೃಹದಲ್ಲಿ ಒಂದು ಆಸನವನ್ನೂ, ಹಿಡಿದುಕೊಳ್ಳಲು ಗೋಡೆಗೆ ಒಂದು ಕಂಬಿಯನ್ನೂ, ಬಿಸಿನೀರು ತಣ್ಣೀರು ಬೆರೆತು ಬರುವ ಮಿಕ್ಸರ್ ಷವರನ್ನೂ ಹಾಕಿಸಿದೆವು. ಎಂಟನೆಯ ವಯಸ್ಸಿನಿಂದಲೂ ಸ್ನಾನ ಮುಗಿಸಿ ಪೂಜೆಗೆ ಕೂಡದೆ ಬಾಯಿಗೆ ನೀರು ಹಾಕದ ಜೀವ ಅದು. ಷವರ್ ಬಂದ ಮೇಲೆ ಯಾರ ನೆರವೂ ಇಲ್ಲದೆ ತಾನೇ ಸ್ನಾನ ಮಾಡಿಕೊಂಡು ಬರುತ್ತಿದ್ದಳು. ಅವಳ ಮುಖದಲ್ಲಿ ಹಳೆಯ ಕಳೆ ಮರಳಿತ್ತು.

ಕೆಲವು ತಿಂಗಳು ಕಳೆಯುವಷ್ಟರಲ್ಲಿ ಷವರಿನ ನೀರು ಕ್ಷೀಣಿಸತೊಡಗಿತು. ಮೊದಲು ಧಾರೆಗಳು ಅಡ್ಡಾದಿಡ್ಡಿಯಾಗಿ ಚಿಮ್ಮಿದವು, ಬಳಿಕ ಹನಿಹನಿಯಾದವು. ಇನ್ನೂ ಕೆಟ್ಟದ್ದೆಂದರೆ, ಉಗುರುಬೆಚ್ಚಗಿನ ನೀರು ಬೇಕೆಂದು ಹಿಡಿಕೆಯನ್ನು ಬಿಸಿಯ ಕಡೆಗೆ ತಿರುಗಿಸಿದಷ್ಟೂ ನೀರು ಬತ್ತುತ್ತಿತ್ತು. ಅಕ್ಕ ಚಳಿಯಲ್ಲಿ ನಡುಗುತ್ತ ಅರ್ಧ ಗಂಟೆ ಕೂಡುವುದು, ಕೊನೆಗೆ ಸೊಸೆಯನ್ನು ಕರೆಯುವುದು ನಿತ್ಯದ ಪಾಡಾಯಿತು. ಸೊಸೆಗೆ ಬೇಸರವಿರಲಿಲ್ಲ. ಆದರೆ ತನ್ನ ಮೈಯನ್ನು ತಾನೇ ತೊಳೆದುಕೊಳ್ಳಲಾಗದ ನೋವು ಎಂಥದೆಂಬುದನ್ನು ವೃದ್ಧರಿರುವ ಮನೆಯವರೆಲ್ಲ ಬಲ್ಲರು. “ಇನ್ನು ಎರಡು ದಿನಕ್ಕೊಮ್ಮೆ ಸ್ನಾನ ಸಾಕು” ಎಂದು ಅಕ್ಕ ಒಂದು ಸಂಜೆ ಹೇಳಿದಾಗ, ಇದು ಬರಿಯ ನಲ್ಲಿಯ ವಿಷಯವಲ್ಲವೆಂದು ನಮಗೆಲ್ಲ ಅರಿವಾಯಿತು.

ಕರೆಸಿದ ಕೆಲಸಗಾರನೊಬ್ಬನು ಬಂದು, ಷವರನ್ನು ಒಮ್ಮೆ ತಿರುಗಿಸಿ ನೋಡಿ, ಎರಡು ಮಾತಿನಲ್ಲಿ ತೀರ್ಪು ಕೊಟ್ಟನು. ಗೋಡೆಯ ಟೈಲ್ಸ್ ಒಡೆದು ಕೊಳವೆ ಬದಲಿಸಬೇಕು. ಮಾಳಿಗೆಯ ಮೇಲೆ ಒತ್ತಡದ ಪಂಪು ಕೂಡಿಸಬೇಕು. ಆತನು ಹೇಳಿದ ಎರಡೂ ಕೆಲವು ಮನೆಗಳಲ್ಲಿ ನಿಜವಾಗಿಯೂ ಬೇಕಾಗುತ್ತವೆ. ಆದರೆ ನಮ್ಮ ಮನೆಗೆ ಬೇಕೆಂಬುದಕ್ಕೆ ಪ್ರಮಾಣವೇನು? ಅದನ್ನು ಆತನು ಹೇಳಲಿಲ್ಲ. ತರ್ಕಶಾಸ್ತ್ರವನ್ನು ಓದಿದವನಿಗೆ ಪ್ರಮಾಣವಿಲ್ಲದ ಪ್ರತಿಜ್ಞೆ ಗಂಟಲಲ್ಲಿ ಇಳಿಯದು. ಎರಡು ದಿನ ಸಮಯ ಕೇಳಿ ಆತನನ್ನು ಕಳುಹಿಸಿದೆನು.

ಹುಡುಗನಾಗಿದ್ದಾಗ ನಾನು ಓದಿದ ಮಠದಲ್ಲಿ ದೊಡ್ಡದೊಂದು ಹೂದೋಟವಿತ್ತು. ಸಂಜೆಯ ಹೊತ್ತು ಮಡಿಗಳಿಗೆ ನೀರು ಹಾಯಿಸುವುದು ವಿದ್ಯಾರ್ಥಿಗಳ ಪಾಳಿ. ತುದಿಯ ಮಡಿಗೆ ನೀರು ತಲುಪದಿದ್ದರೆ ನಾವು ಅಲ್ಲಿಯೇ ನಿಂತು ಸಲಿಕೆಯಿಂದ ಕೆರೆಯುತ್ತಿದ್ದೆವು. ತೋಟ ನೋಡಿಕೊಳ್ಳುತ್ತಿದ್ದ ಮುದುಕನು ಮಾತ್ರ, “ಬಾವಿಯಿಂದ ನಡಕೋತ ಬಾ. ಎಲ್ಲಿತನಕ ನೀರು ತುಂಬಿ ಬರತದೋ ಅಲ್ಲಿತನಕ ತಪ್ಪಿಲ್ಲ. ಎಲ್ಲಿಂದ ಸಣ್ಣಾಗತದೋ ಅಲ್ಲೇ ಬಗ್ಗಿ ನೋಡು” ಎನ್ನುತ್ತಿದ್ದನು. ಮುಂದೆ ಪಾಠಶಾಲೆಯಲ್ಲಿ ಅನ್ವಯ ವ್ಯತಿರೇಕಗಳನ್ನು ಕಲಿತಾಗ ಆ ಮುದುಕನ ಮಾತು ಅದೇ ಎಂದು ತಿಳಿಯಿತು. ಕಾರಣವಿದ್ದಲ್ಲಿ ಕಾರ್ಯವಿರುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವಿಲ್ಲದಿರುವುದು ವ್ಯತಿರೇಕ. ಹೊಗೆ ಬೆಂಕಿಗಳಿಗೆ ಸಲ್ಲುವ ಈ ನ್ಯಾಯ ನೀರು ಕೊಳವೆಗಳಿಗೂ ಸಲ್ಲಬೇಕಷ್ಟೆ.

ಮೊದಲು ಒತ್ತಡದ ಲೆಕ್ಕವನ್ನು ತಿಳಿಯಬೇಕು. ತೊಟ್ಟಿ ಎಷ್ಟು ದೊಡ್ಡದು ಎಂಬುದರಿಂದ ನಲ್ಲಿಯ ಒತ್ತಡ ನಿರ್ಧಾರವಾಗುವುದಿಲ್ಲ. ತೊಟ್ಟಿಯ ನೀರು ನಲ್ಲಿಗಿಂತ ಎಷ್ಟು ಎತ್ತರದಲ್ಲಿದೆ ಎಂಬುದರಿಂದ ಆಗುತ್ತದೆ. 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಹೆಚ್ಚು ಕಡಿಮೆ 1 ಬಾರ್. ನಮ್ಮ ತೊಟ್ಟಿಯ ತಳ ನೆಲದಿಂದ ಸುಮಾರು 4.2 ಮೀಟರ್, ಷವರಿನ ಮುಖ 2 ಮೀಟರ್ ಎತ್ತರದಲ್ಲಿದೆ. ಉಳಿದದ್ದು 2.2 ಮೀಟರ್, ಎಂದರೆ 0.22 ಬಾರ್. ಪೇಟೆಯಲ್ಲಿ ಸಿಗುವ ಅನೇಕ ಷವರುಗಳು ಇದರ ಹಲವು ಪಟ್ಟು ಒತ್ತಡವನ್ನು ನಿರೀಕ್ಷಿಸಿ ತಯಾರಾದವು. ಆದುದರಿಂದ ಒಂದಂತಸ್ತಿನ ಮನೆಯಲ್ಲಿ ಹೋಟೆಲಿನಂಥ ಧಾರೆ ಬರಬೇಕೆಂದು ಬಯಸುವುದು ಯುಕ್ತವಲ್ಲ. ಆದರೆ ಇದೇ ಎತ್ತರದಿಂದ ಇದೇ ಷವರು ಕೆಲವು ತಿಂಗಳ ಹಿಂದೆ ತೃಪ್ತಿಕರವಾಗಿ ನೀರು ಕೊಟ್ಟಿತ್ತು. ಎತ್ತರ ಬದಲಾಗಿಲ್ಲ, ಹರಿವು ಬದಲಾಗಿದೆ. ಅಂದಮೇಲೆ ಎತ್ತರವು ಈಗಿನ ದೋಷಕ್ಕೆ ಕಾರಣವಲ್ಲ. ಪಂಪಿನ ಪ್ರಶ್ನೆ ಇಷ್ಟಕ್ಕೇ ಹಿಂದೆ ಸರಿಯಿತು.

ಇನ್ನು ಅಳತೆ. “ನೀರು ಕಡಿಮೆ” ಎಂಬುದು ಅನುಭವ; ಎಷ್ಟು ಕಡಿಮೆ ಎಂದು ತಿಳಿಯದೆ ವಿಚಾರ ಮುಂದುವರಿಯದು. ಇದಕ್ಕೆ ಬೇಕಾದ ಸಲಕರಣೆ 10 ಲೀಟರಿನ ಒಂದು ಬಕೆಟ್ಟು ಮತ್ತು ಕೈಗಡಿಯಾರ. ಮೊಮ್ಮಗ ಗಡಿಯಾರ ಹಿಡಿದನು, ನಾನು ಬರೆದುಕೊಂಡೆನು. ಮಿಕ್ಸರಿನ ಕೆಳಗಿನ ನಲ್ಲಿಯಲ್ಲಿ ಬರಿಯ ತಣ್ಣೀರು ಬಿಟ್ಟಾಗ ಬಕೆಟ್ಟು 1 ನಿಮಿಷದಲ್ಲಿ ತುಂಬಿತು. ಅದೇ ನಲ್ಲಿಯಲ್ಲಿ ಬರಿಯ ಬಿಸಿನೀರು 3 ನಿಮಿಷ ತೆಗೆದುಕೊಂಡಿತು. ಷವರಿನಿಂದ ಎರಡೂ ಬೆರೆತ ನೀರಿಗೆ 5 ನಿಮಿಷ ಹಿಡಿಯಿತು. ಅಡುಗೆಮನೆಯ ನಲ್ಲಿಗಳಲ್ಲಿ, ತಣ್ಣೀರಾಗಲಿ ಅದೇ ಗೀಸರಿನಿಂದ ಬರುವ ಬಿಸಿನೀರಾಗಲಿ, ಯಾವ ಕೊರತೆಯೂ ಇರಲಿಲ್ಲ.

ಈ ನಾಲ್ಕು ಸಾಲುಗಳನ್ನು ಮುಂದಿಟ್ಟುಕೊಂಡು ಯೋಚಿಸಿದರೆ ಅರ್ಧ ಉತ್ತರ ತಾನಾಗಿಯೇ ಹೊರಬೀಳುತ್ತದೆ. ಅಡುಗೆಮನೆಗೆ ನೀರು ಚೆನ್ನಾಗಿ ಬರುತ್ತಿರುವುದರಿಂದ ತೊಟ್ಟಿ, ಅದರ ವಾಲ್ವು, ಮಾಳಿಗೆಯಿಂದ ಇಳಿಯುವ ಮುಖ್ಯ ಕೊಳವೆ ಇವು ನಿರ್ದೋಷಿಗಳು. ಅಲ್ಲಿ ಬಿಸಿನೀರೂ ಸರಿಯಾಗಿರುವುದರಿಂದ ಗೀಸರು ಕಟ್ಟಿಲ್ಲ, ಅದರ ಒಳಹರಿವಿನ ವಾಲ್ವೂ ಮುಚ್ಚಿಲ್ಲ. ಗೀಸರಿನಲ್ಲಿ ಕೆಳಗಿನಿಂದ ಸೇರುವ ತಣ್ಣೀರೇ ಮೇಲಿನ ಬಿಸಿನೀರನ್ನು ಹೊರದೂಡುವುದರಿಂದ, ಒಳಹರಿವು ಕುಗ್ಗಿದರೆ ಮನೆಯ ಎಲ್ಲ ಬಿಸಿನೀರಿನ ನಲ್ಲಿಗಳೂ ಒಟ್ಟಿಗೆ ಸೊರಗಬೇಕಿತ್ತು. ಮಿಕ್ಸರಿನಲ್ಲಿ ತಣ್ಣೀರು ಸರಿ, ಬಿಸಿನೀರು ಮಾತ್ರ ಕಡಿಮೆ. ಎಂದರೆ ಒಂದು ದೋಷವು ಮಿಕ್ಸರಿನ ಬಿಸಿನೀರಿನ ಬಾಯಿಯ ಬಳಿ ಇದೆ. ಆದರೆ ಷವರಿನ ಹರಿವು ಬಿಸಿನೀರಿನ ನಲ್ಲಿಗಿಂತಲೂ ಕಡಿಮೆ. ಎಂದರೆ ಎರಡನೆಯ ದೋಷವೊಂದು ಅದರ ಮೇಲುಭಾಗದಲ್ಲಿದೆ. ಒಂದೇ ರೋಗವೆಂದು ತಿಳಿದದ್ದು ಎರಡಾಗಿತ್ತು. ಒಂದನ್ನು ಮಾತ್ರ ಸರಿಪಡಿಸಿ, ಫಲ ಕಾಣದೆ, ಔಷಧವೇ ತಪ್ಪೆಂದು ಕೈಬಿಡುವವರು ಈ ಜಾಗದಲ್ಲಿಯೇ ಮೋಸಹೋಗುತ್ತಾರೆ.

ಮೇಲಿನ ದೋಷವನ್ನು ಮೊದಲು ಕೈಗೆತ್ತಿಕೊಂಡೆವು. ಷವರಿನ ಮುಖವನ್ನು ಕೈಯಿಂದಲೇ ತಿರುಗಿಸಿ ಬಿಚ್ಚಬಹುದು. ಬಿಗಿಯಾಗಿದ್ದರೆ ಬಟ್ಟೆ ಸುತ್ತಿ ಸ್ಪ್ಯಾನರಿನಿಂದ ಸಡಿಲಿಸಬೇಕು, ಇಲ್ಲವಾದರೆ ಮೇಲಿನ ಹೊಳಪು ಕೆಡುತ್ತದೆ. ಮುಖವನ್ನು ತೆಗೆದು ಬರಿಯ ತೋಳಿನಿಂದ ತಣ್ಣೀರು ಬಿಟ್ಟಾಗ ಬಕೆಟ್ಟು 1 ನಿಮಿಷ 40 ಸೆಕೆಂಡಿನಲ್ಲಿ ತುಂಬಿತು. ಮುಖವನ್ನು ಮತ್ತೆ ಹಾಕಿ ನೋಡಿದರೆ 3 ನಿಮಿಷ 15 ಸೆಕೆಂಡು. ನೀರನ್ನು ಷವರಿಗೆ ತಿರುಗಿಸುವ ಡೈವರ್ಟರೂ ಗೋಡೆಯೊಳಗಿನ ಕೊಳವೆಯೂ ಸರಿಯಿವೆಯೆಂದು ಇದರಿಂದ ತಿಳಿಯಿತು. ಟೈಲ್ಸ್ ಉಳಿದವು! ಮುಖವನ್ನು ಬೆಳಕಿಗೆ ಹಿಡಿದಾಗ ರಂಧ್ರಗಳಲ್ಲಿ ಬಹುಪಾಲು ಬಿಳಿಯ ಗಟ್ಟಿ ಪದರದಿಂದ ಮುಚ್ಚಿದ್ದವು.

ಈ ಬಿಳಿಯ ಪದರ ನಮ್ಮ ಬಯಲುಸೀಮೆಯ ಕೊಳವೆ ಬಾವಿಗಳ ಕೊಡುಗೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಭಾರತೀಯ ಮಾನಕ ಸಂಸ್ಥೆಯು ಕುಡಿಯುವ ನೀರಿನ ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂಬ ಮಿತಿಯನ್ನೂ, ಬೇರೆ ಮೂಲವಿಲ್ಲದಿದ್ದಾಗ 600 ಮಿಲಿಗ್ರಾಂವರೆಗೆ ಅವಕಾಶವನ್ನೂ ಹೇಳಿದೆ. ನೀರನ್ನು ಕಾಯಿಸಿದಾಗ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟು ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟಾಗಿ ತಳಕ್ಕಿಳಿಯುತ್ತದೆ. ಹಂಡೆಯ ತಳದಲ್ಲಿ ಕಟ್ಟುತ್ತಿದ್ದ ಸುಣ್ಣದ ಹೆಕ್ಕಳಿಕೆ ಇದೇ. ಷವರಿನ ರಂಧ್ರಗಳಲ್ಲಿ ಉಳಿದ ಹನಿಗಳು ಆರಿದಾಗಲೂ ಇದೇ ಪದರ ಕೂಡುತ್ತದೆ.

ಸುಣ್ಣಕ್ಕೆ ಹುಳಿಯೇ ಮದ್ದು. ಅಡುಗೆಯ ವಿನೆಗರಿಗೆ ಅಷ್ಟೇ ಬಿಸಿನೀರು ಬೆರೆಸಿ, ಷವರಿನ ಮುಖವನ್ನು ಅದರಲ್ಲಿ ಕೆಲವು ಗಂಟೆ ನೆನೆಯಿಟ್ಟೆವು. ಸಣ್ಣ ಗುಳ್ಳೆಗಳು ಏಳುವುದನ್ನು ಕಂಡು ಮೊಮ್ಮಗನು ಹಿಗ್ಗಿದನು. ಸುಣ್ಣ ಕರಗುವಾಗ ಇಂಗಾಲದ ಡೈಆಕ್ಸೈಡು ಹೊರಬರುವ ಗುರುತು ಅದು. ಬಳಿಕ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಳಗಿನ ಸಣ್ಣ ಜಾಲರಿಯನ್ನು ತೊಳೆದು, ರಂಧ್ರಗಳಿಗೆ ರಬ್ಬರಿನಂಥ ತುದಿಗಳಿದ್ದುದರಿಂದ ಹೆಬ್ಬೆರಳಿನಿಂದ ತಿಕ್ಕಿದೆವು. ಲಿಂಬೆಹುಳಿಯ ಪುಡಿಯನ್ನು ನೀರಿಗೆ ಹಾಕಿದರೂ ನಡೆಯುತ್ತದೆ. ಆದರೆ ನೆಲ ತೊಳೆಯುವ ಪ್ರಬಲ ಆಮ್ಲವನ್ನು ಸರ್ವಥಾ ಬಳಸಬಾರದು; ಅದು ಸುಣ್ಣದೊಡನೆ ಲೋಹದ ಹೊಳಪನ್ನೂ ತಿಂದುಹಾಕುತ್ತದೆ. ಹುಳಿಯೊಡನೆ ಬ್ಲೀಚಿಂಗ್ ದ್ರಾವಣವನ್ನು ಬೆರೆಸುವುದಂತೂ ವಿಷಾನಿಲವನ್ನು ಕರೆದಂತೆ.

ಎರಡನೆಯ ದೋಷಕ್ಕೆ ಅನುಭವವುಳ್ಳ ಕೈ ಬೇಕಿತ್ತು. ಬೇರೊಬ್ಬ ಹಿರಿಯ ಪ್ಲಂಬರನ್ನು ಕರೆಸಿ, ಬರೆದಿಟ್ಟ ಅಳತೆಗಳನ್ನು ಓದಿ ಹೇಳಿದೆನು. ಆತನು ಪೂರ್ತಿ ಕೇಳಿಸಿಕೊಂಡು, “ಹಾಗಾದರೆ ಬಿಸಿನೀರಿನ ಕಾಲಿನ ಜಾಲರಿಯನ್ನು ನೋಡೋಣ” ಎಂದನು. ಮೊದಲು ಗೀಸರಿನ ವಿದ್ಯುತ್ತನ್ನು ಸ್ವಿಚ್ಚಿನಲ್ಲಷ್ಟೇ ಅಲ್ಲದೆ ಮುಖ್ಯ ಫಲಕದಲ್ಲಿಯೂ ನಿಲ್ಲಿಸಿದನು. ಬಳಿಕ ನೀರಿನ ಎರಡೂ ವಾಲ್ವುಗಳನ್ನು ಮುಚ್ಚಿ, ಕೊಳವೆಯಲ್ಲಿ ಉಳಿದ ಬಿಸಿನೀರನ್ನು ಹೊರಬಿಟ್ಟನು. ಮಿಕ್ಸರನ್ನು ಗೋಡೆಗೆ ಹಿಡಿದಿರುವ ಎರಡು ದೊಡ್ಡ ನಟ್ಟುಗಳ ಹಿಂದೆ ವಾಷರಿನೊಡನೆ ಸಣ್ಣ ತಂತಿಯ ಜಾಲರಿಗಳಿದ್ದವು. ತಣ್ಣೀರಿನ ಜಾಲರಿ ಬಹುತೇಕ ಸ್ವಚ್ಛ. ಬಿಸಿನೀರಿನದರಲ್ಲಿ ಸುಣ್ಣದ ಬಿಳಿಯ ಚಕ್ಕೆಗಳೂ, ಜೋಡಣೆಗೆ ಸುತ್ತಿದ ಟೆಫ್ಲಾನ್ ಪಟ್ಟಿಯ ಒಂದು ತುಂಡೂ ಒತ್ತೊತ್ತಾಗಿ ಕೂತಿದ್ದವು. ಗೀಸರಿನೊಳಗೆ ಕಟ್ಟಿದ ಸುಣ್ಣವು ಚಕ್ಕೆಚಕ್ಕೆಯಾಗಿ ಬಂದು ಇಲ್ಲಿ ಸಿಕ್ಕಿಬಿದ್ದಿತ್ತು. ಅಡುಗೆಮನೆಯ ನಲ್ಲಿಗೆ ಜಾಲರಿಯಿಲ್ಲದ್ದರಿಂದ ಅವು ಅಲ್ಲಿ ಪಾತ್ರೆಯೊಡನೆ ತೊಳೆದುಹೋಗುತ್ತಿದ್ದವು.

ಜಾಲರಿಯನ್ನು ತೊಳೆದು, ಮತ್ತೆ ಜೋಡಿಸುವ ಮೊದಲು ಬಿಸಿನೀರಿನ ವಾಲ್ವನ್ನು ಮೆಲ್ಲಗೆ ತೆರೆದು, ಬಕೆಟ್ಟೊಡ್ಡಿ ಕೊಳವೆಯ ಕಸವನ್ನು ಹೊರಹಾಕಿಸಿದನು. ಜಾಲರಿ ಸ್ವಚ್ಛವಾಗಿದ್ದಿದ್ದರೆ ಮುಂದಿನ ಶಂಕೆ ಹಿಡಿಕೆಯ ಕೆಳಗಿನ ಕಾರ್ಟ್ರಿಡ್ಜಿನ ಮೇಲೆ ಹೋಗಬೇಕಿತ್ತು. ಪಿಂಗಾಣಿಯಂಥ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರಿ ಬಿಸಿ ತಣ್ಣೀರುಗಳನ್ನು ಬೆರೆಸುವ ಭಾಗ ಅದು. ಸವೆದರೆ ಅದೇ ಅಳತೆಯ ಹೊಸದನ್ನು ಹಾಕಬೇಕು. ನಮಗೆ ಅದರ ಅಗತ್ಯ ಬೀಳಲಿಲ್ಲ. ಬಿಸಿನೀರು 3 ನಿಮಿಷದಿಂದ 1 ನಿಮಿಷ 15 ಸೆಕೆಂಡಿಗೆ ಇಳಿಯಿತು. ಷವರಿನಿಂದ ಬೆರೆತ ನೀರು 5 ನಿಮಿಷದ ಬದಲು 1 ನಿಮಿಷ 50 ಸೆಕೆಂಡಿನಲ್ಲಿ ಬಕೆಟ್ಟು ತುಂಬಿಸಿತು. ಒಂದು ಬಾಟಲಿ ವಿನೆಗರು ಮತ್ತು ಕೆಲಸಗಾರನ ಒಂದು ಹೊತ್ತಿನ ಕೂಲಿ, ಇಷ್ಟೇ ಖರ್ಚು. ಮರುದಿನ ಬೆಳಿಗ್ಗೆ ಅಕ್ಕ ತಾನೇ ಸ್ನಾನ ಮುಗಿಸಿ, ನಾನು ಏಳುವ ಮೊದಲೇ ಪೂಜೆಗೆ ಕೂತಿದ್ದಳು.

ಪ್ರತಿಯೊಂದು ಮನೆಯ ದೋಷವೂ ನಮ್ಮ ಮನೆಯದೇ ಆಗಿರಬೇಕಿಲ್ಲ. ಹಳೆಯ ಕಬ್ಬಿಣದ ಕೊಳವೆಗಳಿರುವಲ್ಲಿ ಒಳಗಡೆ ತುಕ್ಕು ಬೆಳೆದು ದಾರಿ ಕಿರಿದಾಗಿರಬಹುದು. ಕೊಳವೆಯ ಒಳವ್ಯಾಸ ಅರ್ಧವಾದರೆ ಹರಿವು ಅರ್ಧಕ್ಕೆ ನಿಲ್ಲುವುದಿಲ್ಲ, ಸುಮಾರು ಆರರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಅಂಥಲ್ಲಿ ಕೊಳವೆ ಬದಲಿಸುವುದೇ ಮಾರ್ಗ. ತೊಟ್ಟಿ ಬರಿದಾಗಿ ಮತ್ತೆ ತುಂಬಿದ ಬಳಿಕ ನೀರು ಉಗ್ಗುತ್ತ ಬಂದರೆ ಕೊಳವೆಯಲ್ಲಿ ಗಾಳಿ ಸಿಕ್ಕಿದೆಯೆಂದು ತಿಳಿದು, ತೀರ ಕೆಳಗಿನ ನಲ್ಲಿಯನ್ನು ಪೂರ್ತಿ ತೆರೆದು ಸ್ವಲ್ಪ ಹೊತ್ತು ಹರಿಯಬಿಡಬೇಕು. ಒಬ್ಬರು ಸ್ನಾನಕ್ಕಿದ್ದಾಗ ಇನ್ನೊಬ್ಬರು ತಣ್ಣೀರಿನ ನಲ್ಲಿ ತಿರುಗಿಸಿದರೆ ಷವರಿನ ನೀರು ತಟ್ಟನೆ ಸುಡಬಹುದು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಬೇಯಿಸುತ್ತದೆ. ವೃದ್ಧರೂ ಮಕ್ಕಳೂ ಅಷ್ಟು ಬೇಗ ಸರಿದುಕೊಳ್ಳಲಾರರು. ಮೊದಲು ತಣ್ಣೀರು ತೆರೆದು ಆಮೇಲೆ ಬಿಸಿನೀರನ್ನು ಸೇರಿಸುವುದು, ಮುಚ್ಚುವಾಗ ಮೊದಲು ಬಿಸಿನೀರನ್ನು ಮುಚ್ಚುವುದು ಮನೆಮಂದಿಗೆಲ್ಲ ರೂಢಿಯಾಗಬೇಕು.

ಎಲ್ಲವನ್ನೂ ಪರೀಕ್ಷಿಸಿದ ಮೇಲೂ ಒತ್ತಡವೇ ಸಾಲದೆಂದು ಖಚಿತವಾದರೆ ಪಂಪಿನ ವಿಚಾರ ಮಾಡಬಹುದು. ಆಗಲೂ ಕೆಲವು ಎಚ್ಚರಿಕೆಗಳು ಅವಶ್ಯ. ಪಂಪನ್ನು ತೊಟ್ಟಿಯ ನಂತರ, ಬಿಸಿ ತಣ್ಣೀರುಗಳೆರಡಕ್ಕೂ ಒಂದೇ ಒತ್ತಡ ಸಿಗುವಂತೆ ಕೂಡಿಸಬೇಕು. ತಣ್ಣೀರಿಗೆ ಮಾತ್ರ ಕೂಡಿಸಿದರೆ ಅದು ಮಿಕ್ಸರಿನೊಳಗಿಂದಲೇ ಬಿಸಿನೀರಿನ ಕೊಳವೆಗೆ ನುಗ್ಗಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಸೌರ ಜಲತಾಪಕವಿರುವ ಮನೆಗಳಲ್ಲಿ ಗಾಳಿ ಹೋಗಲೆಂದು ಬಿಟ್ಟ ತೆರೆದ ಕೊಳವೆಯಿಂದ ನೀರು ಉಕ್ಕಿ ಹೋಗಬಹುದು. ತಾಪಕವು ಅಷ್ಟು ಒತ್ತಡವನ್ನು ತಾಳುವುದೇ ಎಂದು ಮೊದಲೇ ಕೇಳಬೇಕು. ಬೀದಿಯ ಸಾರ್ವಜನಿಕ ಕೊಳವೆಗೆ ನೇರವಾಗಿ ಪಂಪು ಹಚ್ಚಿ ಎಳೆಯುವುದು ನೆರೆಯವರ ಪಾಲನ್ನು ಕಸಿಯುವುದಲ್ಲದೆ, ಬಿರುಕುಗಳ ಮೂಲಕ ಹೊಲಸನ್ನೂ ಒಳಗೆಳೆಯುತ್ತದೆ. ತೊಟ್ಟಿಯನ್ನು ಎತ್ತರಿಸಿದರೆ ಪ್ರತಿ ಮೀಟರಿಗೆ 0.1 ಬಾರ್ ಹೆಚ್ಚುವುದು ನಿಜ. ಆದರೆ 1000 ಲೀಟರ್ ನೀರಿನ ತೂಕ ಒಂದು ಟನ್ ಎಂಬುದನ್ನು ಮರೆಯದೆ ಎಂಜಿನಿಯರರನ್ನು ಕೇಳಿಯೇ ಮುಂದುವರಿಯಬೇಕು.

ಕೊನೆಯದಾಗಿ ಗೃಹಸ್ಥ ಬಂಧುಗಳಲ್ಲಿ ಒಂದು ಸೂಚನೆ. ಎಲ್ಲವೂ ಚೆನ್ನಾಗಿರುವ ದಿನವೇ ಬಕೆಟ್ಟು ತುಂಬುವ ಸಮಯವನ್ನು ಅಳೆದು, ದಿನಾಂಕ ಸಹಿತ ಬರೆದು, ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿರಿ. ನೀರು ಗಡಸಾಗಿದ್ದರೆ ಎರಡು ತಿಂಗಳಿಗೊಮ್ಮೆ ಷವರಿನ ಮುಖವನ್ನು ಹುಳಿನೀರಿನಲ್ಲಿ ನೆನೆಯಿಡಿರಿ. ವರ್ಷಕ್ಕೊಮ್ಮೆ ತಿಳಿದವರಿಂದ ಗೀಸರಿನ ಒಳಗನ್ನು ಶುಚಿಗೊಳಿಸಿ, ಅದರ ಸುರಕ್ಷತಾ ವಾಲ್ವನ್ನು ನೋಡಿಸಿರಿ. ಕೆಲಸಗಾರನನ್ನು ಕರೆದಾಗ “ನೀರು ಬರುತ್ತಿಲ್ಲ” ಎಂದಷ್ಟೇ ಹೇಳದೆ, ಎಲ್ಲಿಯತನಕ ಬರುತ್ತಿದೆ, ಎಲ್ಲಿಂದ ಕಡಿಮೆಯಾಗಿದೆ ಎಂದು ತಿಳಿಸಿರಿ. ಬಲ್ಲ ಕೆಲಸಗಾರನಿಗೆ ಅದರಿಂದ ಅರ್ಧ ಶ್ರಮ ಉಳಿಯುತ್ತದೆ. ಮನೆಯಲ್ಲಿ ವೃದ್ಧರಿದ್ದರೆ, ಸ್ನಾನಗೃಹದಿಂದ ಅವರು ಹೊರಬರಲು ಎಂದಿಗಿಂತ ತಡವಾಗುತ್ತಿದೆಯೇ ಎಂಬುದನ್ನು ಗಮನಿಸಿರಿ. ನೀರು ಕಡಿಮೆಯಾದದ್ದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಸ್ನಾನವನ್ನೇ ಕಡಿಮೆ ಮಾಡಿಬಿಡುತ್ತಾರೆ.